ಹುಮನಾಬಾದಿನ ಗೋಡೆಯ ಮೇಲೆ ಮಿಸ್ಸಿಯ ಮದುಮಗಳು

ಮಕ್ಕಳೇ, ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಚಳಿಗಾಲದಲ್ಲಿ ನಾನು ಹುಮನಾಬಾದಿಗೆ ಹೊರಟೆ. ನಮ್ಮ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿತ್ತು, ನಿಮ್ಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. "ಅಲ್ಲಿ ಹುಡುಗೇರಿಗಿ ಹಲ್ಲಿನ ಪಾಠ ಹೇಳಿ ಬರ್ರಿ. ಅಲ್ಲಿನ ಹೆಡ್‌ಮಾಸ್ತರ ಒಪ್ಪಿದ್ರ ನಿಮಗ ನಮ್ಮ ಸಾಲ್ಯಾಗ ಕೆಲಸ," ಎಂದಿದ್ದರು ನಮ್ಮೂರ ಕನ್ಯಾಶಾಲೆಯ ಹಿರಿಯ ಅಕ್ಕೋರು. ಪಾಠ ಹೇಳುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು. ಒಪ್ಪದಿದ್ದರೆ ಕೂಸಿನೊಡನೆ ಅಣ್ಣನ ಮನೆ ಸೇರಬೇಕಿತ್ತು.

ಬಸ್ಸಿಗೆ ನಿಜಾಮನ ನಾಣ್ಯ ಹಾಲಿ ಸಿಕ್ಕಾದ ಎಂಟಾಣೆ. ಮಡಿಲಲ್ಲಿ ಚಿತ್ರದ ಲಾಟೀನು: ಒಳಗೆ ದೀಪ ಹಚ್ಚಿದರೆ ಗಾಜಿನ ಮೇಲಿನ ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬೀಳುವ ಪೆಟ್ಟಿಗೆ. ಜೊತೆಗೆ ಶಾಲೆಯ ಆಯಾ ಕರೀಮಾಬಿ. ರಾಜೇಶ್ವರದಲ್ಲಿ ಬಸ್ಸಿಗೆ ನೀರು ಹಾಕುವಾಗ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ನನ್ನ ಪಾಲಿನ ರೊಟ್ಟಿಯನ್ನೂ ನಾನು ಕರೀಮಾಬಿಯ ಕಡೆ ಸರಿಸಿದೆ.

"ಮಾಸ್ತರ ಎದುರಿಗೇ ಕೂಡ್ತಾರಂತ, ಖಾಲಾ," ಎಂದೆ.

"ಕೂಡ್ಲಿ ಬೇಟಿ. ಅವರ ಬಾಯಾಗ ಹಲ್ಲ ಅದಾವ, ಹುಲಿ ಕೋರಿಹಲ್ಲ ಇಲ್ಲ."

ಹುಮನಾಬಾದಿನ ಶಾಲೆಯಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ದೀಪ ಹಚ್ಚಿದೆವು. ಹೆಡ್‌ಮಾಸ್ತರರು ಎದುರಿಗೇ ಕುರ್ಚಿ ಹಾಕಿಕೊಂಡು ಕೂತರು. ಮೊದಲು ಬಿಳಿ ಹಲ್ಲಿನ ಹುಡುಗಿಯನ್ನೂ ಆಮೇಲೆ ಹುಳುಕು ಹಿಡಿದು ಕಪ್ಪಾದ ಹಲ್ಲಿನವಳನ್ನೂ ತೋರಿಸಿ, ಯಾರ ಹಲ್ಲು ಚಂದ ಎಂದು ಕೇಳಿದೆ.

"ಕರೀ ಹಲ್ಲಿನಾಕಿದು," ಎಂದಿತು ಇಡೀ ಕೋಣೆ. "ಮಿಸ್ಸಿ ಹಚ್ಕೊಂಡಾಳ್ರಿ. ಮದಿಮಗಳು ಆಕಿ."

"ಬಿಳೀ ಹಲ್ಲಿನಾಕಿಗಿ ಇನ್ನಾ ಗಂಡ ಸಿಕ್ಕಿಲ್ಲ," ಎಂದಳೊಬ್ಬಳು.

ಆಗ ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹಲ್ಲಿಗೆ ಮಿಸ್ಸಿ ಪುಡಿ ತಿಕ್ಕಿ ಕಪ್ಪು ಮಾಡುತ್ತಿದ್ದರು. ಅದೇ ಅಂದ. ಚಿತ್ರ ಬರೆದವರಿಗೆ ಇದು ಗೊತ್ತಿರಲಿಲ್ಲ.

"ಸಾಕ್ರಿ ತಾಯಿ, ದೀಪ ಆರಸ್ರಿ," ಎಂದರು ಮಾಸ್ತರರು.

"ಇನ್ನೊಂದು ಚಿತ್ರ ಅದರಿ," ಎಂದುಬಿಟ್ಟೆ. ಇರಲಿಲ್ಲ. ಕರೀಮಾಬಿ ಕಣ್ಣಿಗೆ ಹಚ್ಚುವ ಸುರ್ಮಾ ಕಡ್ಡಿ ಇಸಿದುಕೊಂಡು, ಅದೇ ಗಾಜಿನ ಮೇಲೆ ಮದುಮಗಳ ಗಲ್ಲ ಲಾಡುವಿನಂತೆ ಉಬ್ಬಿಸಿದೆ. ಗದ್ದದಿಂದ ನೆತ್ತಿಗೆ ಅರಿವೆ ಕಟ್ಟಿದಂತೆ ಬರೆದೆ. ಅವಸರದಲ್ಲಿ ಗಂಟು ಸೊಟ್ಟಗಾಯಿತು.

ಗೋಡೆಯ ಮೇಲೆ ಅದು ಬಿದ್ದದ್ದೇ ತಡ, ಮುಂದಿನ ಸಾಲಿನ ಪುಟ್ಟ ಹುಡುಗಿ ತನ್ನ ಗಲ್ಲ ಹಿಡಿದುಕೊಂಡಳು. "ಅಯ್ಯ, ಹಲ್ಲಬ್ಯಾನಿ. ನಮ್ಮಕ್ಕಾನೂ ಹಿಂಗೇ ಕಟ್ಕೊಂಡಿದ್ಳು. ರೊಟ್ಟಿ ತಿನ್ಲಾಕ ಬರ್ಲಿಲ್ಲ, ಅತ್ಳು."

"ಯಾಕ ಬಂತವ್ವಾ ಬ್ಯಾನಿ?" ಎಂದೆ. ಅಲ್ಲಿಂದ ಮಾತು ತಾನಾಗಿ ಹರಿಯಿತು. ಬೆಲ್ಲ ತಿಂದು ಬಾಯಿ ಮುಕ್ಕಳಿಸದೆ ಮಲಗಿದ್ದು, ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುವ ಬಗೆ, ಎಲ್ಲ ಹೇಳಿದೆ. ಮಾಸ್ತರರ ಕೈಯೂ ಮೆಲ್ಲಗೆ ಗಲ್ಲಕ್ಕೆ ಹೋಗಿತ್ತು.

"ಗಂಡುಮಕ್ಕಳ ಸಾಲಿಗೂ ಒಮ್ಮೆ ಬರ್ರಿ," ಎಂದರು ಅವರು. "ನಾ ಒಪ್ಪೀನಂತ ಕಲ್ಯಾಣಿಗಿ ಹೇಳಿ ಕಳಸ್ತೀನಿ."

ಸಂಜೆ ಬಸ್ಸು ಹೊರಟಾಗ ಹುಡುಗಿಯರು ಗಲ್ಲ ಉಬ್ಬಿಸಿಕೊಂಡು ನಗುತ್ತ ಧೂಳಿನಲ್ಲಿ ಓಡಿ ಬಂದರು. "ಅಕ್ಕೋರೇ, ಅಕ್ಕೋರೇ," ಎಂದು ಕೂಗುತ್ತಿದ್ದರು. ಯಾರನ್ನು ಕರೆಯುತ್ತಿದ್ದಾರೆಂದು ನಾನು ಬಸ್ಸಿನೊಳಗೆ ಅತ್ತಿತ್ತ ನೋಡಿದೆ.

"ನಿಮಗೇ," ಎಂದಳು ಕರೀಮಾಬಿ. "ಕೈ ಬೀಸ್ರಿ."