ನರಗಳಿಗೆ ಕೊಟ್ಟ ತುಪ್ಪ

"ನಿದ್ದಿ ಬರ್ತೈತೇನ್ರಿ?" ರೋಣದ ಆಯುರ್ವೇದ ವೈದ್ಯರು ಕೇಳಿದರು. "ಭಾಳ ಚಲೋ ಬರ್ತೈತ್ರಿ," ಎಂದ, ಸರದಿಯಲ್ಲಿ ನನ್ನ ಮುಂದಿದ್ದ ಅಬ್ಬಿಗೇರಿಯ ಅಜ್ಜ. ಬೆದರುವುದು ನಿಂತಿತ್ತಂತೆ, ಮೊಣಕಾಲಿಗೆ ಬಲ ಬಂದಿತ್ತಂತೆ. ನರ, ಮಜ್ಜೆಗೆಂದು ಕೊಟ್ಟ ಔಷಧದ ತುಪ್ಪ ಹಿಡಿಯಿತೆಂದು ವೈದ್ಯರು ಹಿಗ್ಗಿದರು. ಆದರೆ ಇನ್ನೊಂದು ಬಾಟಲಿಗೆ ಚಾಚಿದ ಅಜ್ಜನ ಕೈ ಗಡಗಡ ನಡುಗುತ್ತಿತ್ತು.

"ಮತ್ತ ಕೈ ಯಾಕ ನಡಗಾಕತ್ತೈತಿ, ಅಜ್ಜಾರ?"

"ನಾ ಎಲ್ಲಿ ಕುಡದೇನ್ರಿ? ಎತ್ತಿಗೆ ಕುಡಿಸೇನಿ. ಟ್ರ್ಯಾಕ್ಟರ್ ಕಂಡ್ರ ಬೆದರತಿತ್ತು, ಪಾಪ. ನನಗಿಂತ ಅದರ ನರಾನ ಭಾಳ ಸೋತಿದ್ವು."

ವೈದ್ಯರು ಇನ್ನೊಂದು ಬಾಟಲಿ ಕೊಟ್ಟರು.

ನಾನು ಹೊರಬಂದಾಗ ಆ ಎತ್ತು ಚಕ್ಕಡಿಯ ಪಕ್ಕ ಮೆಲುಕು ಹಾಕುತ್ತಿತ್ತು. ಗದಗಿನ ಬಸ್ಸು ಬಂದು ಬೆನ್ನ ಹಿಂದೆಯೇ ಹಾರ್ನ್ ಹೊಡೆಯಿತು. ಎತ್ತು ಕಿವಿಯನ್ನೂ ಅಲ್ಲಾಡಿಸಲಿಲ್ಲ. ತಿಂಗಳಿಂದ ಅದೇ ತುಪ್ಪ ಕುಡಿಯುತ್ತಿರುವ ನಾನು ಮಾತ್ರ ಚಪ್ಪಲಿ ಬಿಟ್ಟು ಹಾರಿದ್ದೆ.