ಹೊಟ್ಟೆಗೊಂದಿಷ್ಟು ಬಿಸಿಲು

ದಪ್ಪಗಾಗುವವನಿಗೆ ತಾನು ದಪ್ಪಗಾದದ್ದು ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ. ಅಂಗಿ ಬಿಗಿಯಾದರೆ ಒಗೆದು ಒಗೆದು ಕುಗ್ಗಿತು ಅನ್ನುತ್ತೇವೆ. ಮೆಟ್ಟಿಲು ಹತ್ತಿ ಏದುಸಿರು ಬಂದರೆ ಕಟ್ಟಿದ ಮೇಸ್ತ್ರಿಯನ್ನು ಬೈಯುತ್ತೇವೆ. ನನಗೆ ಸತ್ಯ ಹೇಳಿದ್ದು ನನ್ನ ಮಗ್ಗ. ಸೇಲಂನ ನಮ್ಮ ಬೀದಿಯಲ್ಲಿ ಎಲ್ಲರದೂ ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ನಮ್ಮ ಮನೆಯ ಗುಂಡಿಯನ್ನು ಅಪ್ಪ ತಮ್ಮ ಮೈಯಳತೆಗೆ ತೋಡಿಸಿದ್ದರು. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ, ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡಿಗೂ ನನ್ನ ಹೊಟ್ಟೆಗೂ ನಡುವೆ ಗಾಳಿಯೂ ಆಡದಂತಾಯಿತು. ದಿಂಡು ತಿರುಗಿಸುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

"ಗುಂಡೀನ ಒಸಿ ಅಗಲ ಮಾಡಿಸಾಣ," ಅಂದಳು ನನ್ನ ಹೆಂಡತಿ ಚೌಡಮ್ಮ. ನಗಬೇಕೆಂದು ನೋಡಿದೆ, ಆಗಲಿಲ್ಲ. ಗುಂಡಿಯನ್ನು ಎಷ್ಟು ಸಲ ಅಗಲ ಮಾಡಿಸುವುದು? ನೇಯುವುದು ಬಿಟ್ಟರೆ ನನಗೆ ಬೇರೆ ಕೆಲಸ ಬಾರದು. ಮಗ್ಗದಿಂದ ನನ್ನನ್ನು ಎಬ್ಬಿಸಿ ಹೊರಗೆ ಹಾಕುತ್ತಿರುವುದು ನನ್ನದೇ ಹೊಟ್ಟೆ ಅಂತ ತಿಳಿದಾಗ ನಿಜಕ್ಕೂ ಹೆದರಿದೆ.

ಡಾಕ್ಟರು ರಕ್ತ ನೋಡಿ, ಸುಗರ್ ಇನ್ನೇನು ಹೊಸ್ತಿಲು ದಾಟುವುದರಲ್ಲಿದೆ ಅಂದರು. ಬಿಸಿಲು ನೋಡಿ ಎಷ್ಟು ದಿನವಾಯಿತು ಅಂತ ಕೇಳಿದರು. ಮೈಯೊಳಗೊಂದು ಗಡಿಯಾರ ಇದೆಯಂತೆ. ಯಾವಾಗ ಹಸಿಯಬೇಕು, ತಿಂದದ್ದನ್ನು ಯಾವಾಗ ಕರಗಿಸಬೇಕು ಅಂತ ಅದು ಹೇಳುತ್ತದಂತೆ. ಬೆಳಗಿನ ಬೆಳಕು ಅದಕ್ಕೆ ಕೀಲಿ ಕೊಡುತ್ತದಂತೆ. ಬೊಜ್ಜು ಬಿಸಿಲಿಗೇ ಕರಗುತ್ತದೆ ಅಂತ ತಾನು ಆಣೆ ಮಾಡಿ ಹೇಳಲಾರೆ, ಆದರೂ ಬೆಳಗಿನ ಬಿಸಿಲಲ್ಲಿ ದಿನಾ ನಡೆಯಿರಿ ಅಂದರು. ಈ ಮಾತಿನಲ್ಲಿ ಬಿಸಿಲು ನನಗೆ ಹಿಡಿಸಿತು. ನಡೆಯುವುದನ್ನು ಅಲ್ಲೇ ಬಿಟ್ಟು ಬಂದೆ.

ಸೂರ್ಯನ ವಿಷಯದಲ್ಲಿ ನಾವೆಲ್ಲ ಹೀಗೇ, ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವವರು. ಪೊಂಗಲ್ ದಿನ ಅಂಗಳದಲ್ಲಿ ಹೊಸ ಮಡಕೆ ಇಟ್ಟು, ಬೆಲ್ಲ ತುಪ್ಪ ಸುರಿದು ಅವನ ಹೆಸರಿನಲ್ಲಿ ಬೇಯಿಸುತ್ತೇವೆ. ಅವನು ಮೇಲಿಂದ ನೋಡುತ್ತಾನೆ, ನಾವು ಕೆಳಗೆ ತಿನ್ನುತ್ತೇವೆ. ಅಷ್ಟು ಮನೆಯ ತುಪ್ಪ ಕಂಡೂ ಅವನಿಗೆ ಬೊಜ್ಜು ಬರದ ಗುಟ್ಟು ಇದೇ ಇರಬೇಕು.

ನನ್ನ ಲೆಕ್ಕಾಚಾರ ಅಪ್ಪಟ ನೇಕಾರನದು. ಮಗ್ಗಕ್ಕೆ ಏರಿಸುವ ಉದ್ದ ನೂಲಿಗೆ ನಾವು ಪಾವು ಅನ್ನುತ್ತೇವೆ. ಬೆಳಿಗ್ಗೆ ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಎಳೆ ಬಿಸಿಲಿಗೆ ಒಣಗಿಸುತ್ತೇವೆ. ಒದ್ದೆಯಾಗಿ ಜೋತುಬಿದ್ದ ನೂಲು ಬಿಸಿಲು ತಾಗಿದ್ದೇ ಹಗುರವಾಗಿ ನೆಟ್ಟಗಾಗುತ್ತದೆ. ನಾನೂ ಬೆಳಿಗ್ಗೆ ಗಂಜಿ ಕುಡಿಯುವವನೇ ತಾನೆ? ನೂಲಿಗೆ ಆಗುವುದು ನನಗೇಕೆ ಆಗಬಾರದು? ಒಣಗುವ ನೂಲನ್ನು ಅಲುಗಿಸಬಾರದು ಅನ್ನುವುದು ನಮ್ಮ ಕಸುಬಿನ ನಿಯಮ. ಹಾಗಾಗಿ ನಾನು ಮಾಳಿಗೆಯ ಮೇಲೆ ಏರ್ಕಾಡ್ ಬೆಟ್ಟಕ್ಕೆ ಮುಖ ಮಾಡಿ ಅಲುಗದೆ ಕೂತೆ. ಬೇಸರ ಕಳೆಯಲು ಪಕ್ಕದಲ್ಲಿ ಒಂದು ತಟ್ಟೆ ತಟ್ಟುವಡೆ, ಅಂದರೆ ನಮ್ಮೂರ ಪುಟ್ಟ ನಿಪ್ಪಟ್ಟು.

ತಿಂಗಳು ಕಳೆದು ತೂಕ ನೋಡಿದರೆ ಎರಡು ಕಿಲೋ ಏರಿತ್ತು. ಮನೆಗೆ ಬಂದು ಬಿಸಿಲಿನ ಮೇಲೆ ದೂರು ಹೇಳಿದೆ. ಚೌಡಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

"ನೂಲು ಸುಮ್ಕೆ ಬಿದ್ದಿರ್ತತೆ ಕಣ್ರೀ. ಅದರ ಅಕ್ಕಪಕ್ಕ ಓಡಾಡೋರು ಯಾರು? ನೀವು ನೂಲಲ್ಲ, ಮನುಷ್ಯರು. ಬನ್ನಿ ಬೀದಿಗೆ."

ಮಾರನೆಯ ದಿನ ನಾಚಿಕೊಂಡೇ ಬೀದಿಗೆ ಇಳಿದೆ. ಗಂಜಿ ಹಚ್ಚುವ ಉದ್ದನೆಯ ಕುಂಚ ಹಿಡಿದು ಪಾವಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆದೆ. ತುಂಡಾದ ಎಳೆ ಗಂಟು ಹಾಕಲು ಬಗ್ಗಿದೆ, ಎದ್ದೆ. "ಏನಣ್ಣಾ, ಸೂರ್ಯ ಇವತ್ತು ನಮ್ಮ ಬೀದೀಲೇ ಉಟ್ದಂಗೈತೆ!" ಅಂದ ಪಕ್ಕದ ಮನೆಯ ಮಾದಯ್ಯ. ಮೊದಲ ವಾರ ಮೈಯೆಲ್ಲ ನೋವು. ಆಮೇಲೆ ರಾತ್ರಿ ಊಟಕ್ಕೆ ಮುಂಚೆಯೇ ಆಕಳಿಕೆ ಬರತೊಡಗಿತು, ಬೆಳಿಗ್ಗೆ ಕರೆಯದೆ ಎಚ್ಚರವಾಗತೊಡಗಿತು. ಆಷಾಢದ ಆಡಿಮಾಸ ಬರುವ ಹೊತ್ತಿಗೆ ಉಸಿರು ಬಿಟ್ಟುಕೊಂಡೇ ದಿಂಡು ತಿರುಗಿಸುತ್ತಿದ್ದೆ. ಸುಗರ್ ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದಿತ್ತು. ಬಿಸಿಲೋ, ನಡಿಗೆಯೋ, ತಟ್ಟುವಡೆ ತಪ್ಪಿದ್ದೋ ಅಂತ ಕೇಳಿದೆ. ಯಾವುದಾದರೇನು, ಮೂರನ್ನೂ ಬಿಡಬೇಡಿ ಅಂದರು ಡಾಕ್ಟರು.

ಬೀದಿಗೆ ಇಳಿದ ಮೇಲೆಯೇ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ನನ್ನ ಮಗ್ಗದ ಪಾವಿಗೆ ಇಷ್ಟು ವರ್ಷ ಬೀದಿಯಲ್ಲಿ ನಡೆದವಳು ಚೌಡಮ್ಮ. ನೇಯುವವನು ನಾನು, ದೊಡ್ಡ ಕೆಲಸ ನನ್ನದು ಅಂತ ನೆರಳಲ್ಲಿ ಕೂತು ಬೆಳೆದವನು ನಾನು. ಅವಳು ತೆಳ್ಳಗಿರುವುದು ಹುಟ್ಟುಗುಣ ಅಂದುಕೊಂಡಿದ್ದೆ. ನಾಚಿಕೆಯಾಯಿತು. ನಾಳೆಯಿಂದ ನೀನು ಮಲಗು, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂದೆ.

"ಯಾಕೆ, ನಾನೂ ದಪ್ಪಗಾಗಿ ಗುಂಡೀಲಿ ಸಿಕ್ಕಾಕ್ಕಳ್ಳಾಕಾ?" ಅಂದಳು.

ಆದರೂ ಮರುದಿನ ಅವಳಿಗಿಂತ ಮುಂಚೆ ಎದ್ದು ನಾನೇ ಗಂಜಿ ಕಾಯಿಸಿದೆ. ಅವಳು ಬಂದು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ನೀರಾಗೈತೆ. ನಾಳೆ ಒಸಿ ಗಟ್ಟಿಯಾಗಿ ಕಾಯ್ಸಿ," ಅಂದಳು.

ನಾಳೆ ಅಂದಳಲ್ಲ, ಆ ಬೆಳಿಗ್ಗೆ ನನಗೆ ಅಷ್ಟು ಸಾಕಾಗಿತ್ತು.