ಹಾಲು ಹಾಕಿ ಸೀಸೆ ತಂದ ಭಾನುವಾರ

ನಮ್ಮದು ಹಾಲಿನ ಮನೆ. ಬಂಗಾರಪೇಟೆಗೂ ಊರಿಗಾಂಗೂ ನಡುವಿನ ಒಂದು ಹಳ್ಳಿ. ಬೆಳಗಾದರೆ ನಮ್ಮ ಯಜಮಾನರು ಮೋಟಾರ್ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೊರಟು, ಹಳೇ ಚಿನ್ನದ ಗಣಿ ಕೆಲಸಗಾರರ ಲೈನು ಮನೆಗಳಿಗೆ ಹಾಲು ಹಾಕಿ ಬರುತ್ತಾರೆ. ಸಂಜೆ ದೀಪ ಹಚ್ಚುವಾಗ ಆ ದಿನದ ಉಪಕಾರಗಳನ್ನು ದೇವರಿಗೆ ಒಪ್ಪಿಸುವುದು ನನ್ನ ರೂಢಿ. ಹಸು ಒದೆಯಲಿಲ್ಲ, ಹಾಲು ಒಡೆಯಲಿಲ್ಲ, ಅತ್ತೆ ಮುನಿಸಿಕೊಳ್ಳಲಿಲ್ಲ. ಎಲ್ಲವೂ ಒಂದೇ ದಿನ ಕೂಡಿ ಬಂದರೆ ಒಂದು ಬತ್ತಿ ಹೆಚ್ಚಿಗೆ ಹಾಕುತ್ತೇನೆ. ಹೆಚ್ಚಿಗೆ ಎಣ್ಣೆಯೇನೂ ಖರ್ಚಾಗುವುದಿಲ್ಲ.

ನನ್ನ ಮಗಳು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಹೋಗಿ ಬಂದು ಬೆಂಗಳೂರಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ಕೆಲಸ ಒಂದು ಸಣ್ಣ ಪೆಟ್ಟಿಗೆ. ಸಕ್ಕರೆ ಕಾಯಿಲೆಯವರಿಗೆ ಮೂತ್ರಪಿಂಡ ಕೆಡಲು ಶುರುವಾದರೆ, ಮೈಗೆ ಏನೂ ಗೊತ್ತಾಗುವ ಮುಂಚೆಯೇ ರಕ್ತದ ಒಂದು ಪ್ರೋಟೀನು ಚೂರುಚೂರೇ ಮೂತ್ರಕ್ಕೆ ಸೋರುತ್ತದಂತೆ. ಗಾಜಿನ ಪಟ್ಟಿಯ ಮೇಲೆ ಕೂದಲಿಗಿಂತ ಎಷ್ಟೋ ತೆಳ್ಳಗೆ ಬಂಗಾರ ಬಳಿದು, ಅದರ ಮೇಲೆ ಆ ಪ್ರೋಟೀನನ್ನು ಮಾತ್ರ ಹಿಡಿಯುವಂಥದ್ದೇನನ್ನೋ ಕೂರಿಸಿ, ನೀಲಿ ಬೆಳಕು ಬಿಡುತ್ತಾರೆ. ಪ್ರೋಟೀನು ಸಿಕ್ಕಿಬಿದ್ದಿದ್ದರೆ ಅಲ್ಲಿ ಹಸಿರಾಗಿ ಹೊಳೆಯುತ್ತದೆ. ಎಷ್ಟು ಹೊಳೆಯಿತು ಎಂದು ಪೆಟ್ಟಿಗೆ ಅಳೆದು ಗೆರೆ ಎಳೆದು ತೋರಿಸುತ್ತದೆ. ನನಗೆ ಅರ್ಥವಾದದ್ದು ಇಷ್ಟು.

ಪೆಟ್ಟಿಗೆ ಪ್ರಯೋಗಶಾಲೆಯ ನೀರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಅವಳ ಮೇಡಂ ಹೇಳಿಬಿಟ್ಟಿದ್ದರು: ನಿಜವಾದ ಜನರ ಮೂತ್ರದಲ್ಲಿ ಇದು ಕಾಯಿಲೆಯವರನ್ನೂ ಚೆನ್ನಾಗಿರುವವರನ್ನೂ ಬೇರೆ ಮಾಡಿ ತೋರಿಸದಿದ್ದರೆ ಈ ಕೆಲಸ ಇಲ್ಲಿಗೆ ನಿಲ್ಲಿಸೋಣ, ನೀನು ಬೇರೆ ವಿಷಯ ಹಿಡಿ. ಮಗಳು ಅನ್ನ ಕಲಸಿಕೊಂಡು ಹಾಗೇ ಕೂತಿರುತ್ತಿದ್ದಳು.

"ಜನ ಎಲ್ಲಿಂದ ತರೋದಮ್ಮ?" ಅಂದಳು.

ಜನಕ್ಕೇನು ಕಮ್ಮಿ, ನಿಮ್ಮಪ್ಪನಿಂದ ಹಾಲು ಹಾಕಿಸಿಕೊಳ್ಳುವವರೆಲ್ಲ ಜನವೇ ಅಲ್ಲವೇ ಅಂದೆ. ಮೇಡಂ ಒಪ್ಪಿದರು. ಒಪ್ಪಿಗೆ ಪತ್ರವನ್ನು ಮನೆಮನೆಯಲ್ಲಿ ಓದಿ ಹೇಳಿದ್ದಾಯಿತು. ಏನಾದರೂ ಕಂಡರೆ ಡಾಕ್ಟರಿಗೆ ತೋರಿಸಲು ಹೇಳುತ್ತೇವೆ ಎಂದೂ ಅದರಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಮನೆಮನೆಗೆ ಹಾಲು ಹಾಕುತ್ತಾ ಹೋದರು, ಮಗಳು ಹಿಂದೆ ಕೂತು ಸೀಸೆ ತೆಗೆದುಕೊಳ್ಳುತ್ತಾ ಹೋದಳು.

ಚಾಂಪಿಯನ್ ರೀಫ್ಸ್ ಲೈನಿನ ಒಬ್ಬ ತಾತ, ಗಣಿಯಲ್ಲಿ ದುಡಿದು ನಿವೃತ್ತಿಯಾದವರು, ಸೀಸೆ ಕೊಡುತ್ತಾ ಕೇಳಿದರಂತೆ: "ಪಾಪ್ಪಾ, ಇದ್ರೊಳಗೆ ಬಂಗಾರ ಇಕ್ತೀಯಂತೆ, ನಿಜವಾ?"

"ಊಂ ತಾತ. ಚೂರೇ ಚೂರು."

"ಪಾತಾಳಕ್ಕಿಳಿದು ನಾವು ಎತ್ತಿದ್ ಬಂಗಾರನ ತಂದು ಉಚ್ಚೇಲಿ ಅದ್ತೀಯಲ್ಲಮ್ಮ. ನಮ್ ದೊರೆಗಳು ಇದ್ದಿದ್ರೆ ಎದೆ ಒಡ್ಕೊಂಡಿರೋರು."

ಮಗಳು ನಗುತ್ತಲೇ ಮನೆಗೆ ಬಂದಳು. ತೊಂದರೆ ಶುರುವಾದದ್ದು ಮನೆಯಲ್ಲಿ. ಭಾನುವಾರ ಪ್ರಯೋಗಶಾಲೆಗೆ ಬೀಗ. ಸೋಮವಾರದ ರೈಲಿನವರೆಗೆ ಸೀಸೆಗಳು ತಣ್ಣಗಿರಬೇಕು. ನಮ್ಮಲ್ಲಿರುವುದು ಒಂದೇ ಫ್ರಿಜ್ಜು. ಅದರೊಳಗೆ ಸೋಮವಾರದ ಅಭಿಷೇಕಕ್ಕೆ ತೆಗೆದಿಟ್ಟ ಹಾಲು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕನಕಾಂಬರ.

ಅತ್ತೆ ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತರು. "ದೇವ್ರ ಆಲಿನ್ ಪಕ್ಕ ಕಂಡೋರ್ ಉಚ್ಚೆನಾ? ಏನ್ ಬಂತೇ ನಿಂಗೆ?"

"ಮುಚ್ಚಳ ಭದ್ರವಾಗಿದೆ ಅಜ್ಜಿ. ಕವರ್ ಮೇಲೆ ಕವರ್ ಸುತ್ತೀನಿ."

"ಕವರ್ ಸುತ್ತಿದ್ರೆ ಮೈಲಿಗೆ ಓಯ್ತದಾ?"

ನಾನು ಹಾಲನ್ನೂ ಹೂವನ್ನೂ ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿದೆ. ಅತ್ತೆ ಗೊಣಗುತ್ತಾ ಒಳಗೆ ಹೋದರು. ಅಷ್ಟಕ್ಕೇ ಮುಗಿಯಿತಲ್ಲ ಎಂದು ಅವತ್ತು ದೇವರಿಗೆ ಒಪ್ಪಿಸಿದ ಪಟ್ಟಿಯಲ್ಲಿ ಅದನ್ನೂ ಸೇರಿಸಿದೆ. ದೇವರು ಒಳಗೊಳಗೇ ನಕ್ಕಿರಬೇಕು.

ಸೋಮವಾರ ಸಂಜೆ ಮಗಳು ಬಂದವಳು ಚಪ್ಪಲಿ ಬಿಡದೆ ಜಗುಲಿಯಲ್ಲೇ ಕುಸಿದಳು. ಎಲ್ಲ ಸೀಸೆಗಳೂ ಹೊಳೆದಿವೆ. ಕಾಯಿಲೆಯವರದು, ಚೆನ್ನಾಗಿರುವವರದು, ಹೋಲಿಕೆಗೆಂದು ಇಟ್ಟಿದ್ದ ಇವಳದು, ಎಲ್ಲವೂ. ಪ್ರೋಟೀನು ಹಿಡಿಯುವ ಏನನ್ನೂ ಕೂರಿಸದ ಬರೀ ಗಾಜಿನ ಮೇಲೆ ಇಟ್ಟರೂ ಹೊಳೆಯುತ್ತದೆ. ಮೇಡಂ ಬೈಯಲಿಲ್ಲವಂತೆ. ಬೈದಿದ್ದರೆ ವಾಸಿ ಇತ್ತು ಅಂದಳು. "ಒಂದು ವಾರ ನೋಡೋಣ, ಆಗದಿದ್ರೆ ಬಿಡೋಣ" ಅಂದರಂತೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಗಳು ತನ್ನ ಸೀಸೆಯನ್ನು ತಂದಿದ್ದಳು. ಪೆಟ್ಟಿಗೆಯಲ್ಲಿರುವಂಥದ್ದೇ ನೀಲಿ ಬೆಳಕಿನ ಸಣ್ಣ ಟಾರ್ಚು ಹಿಡಿದು ಅದರ ಮೇಲೆ ಬಿಟ್ಟಳು. ತಳದಲ್ಲಿ ಗಸಿ ಹಸಿರು ಹಳದಿಯಾಗಿ ಮಿಂಚಿತು. ನನ್ನನ್ನು ಕರೆದು ತೋರಿಸಲು ತಿರುಗಿದಳು, ಟಾರ್ಚೂ ತಿರುಗಿತು. ನಮ್ಮ ಹೊಸ್ತಿಲು ಹಾಗೇ ಮಿಂಚಿತು. ನನ್ನ ಕೊರಳ ದಾರ ಮಿಂಚಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಎರಡು ಪಾದ, ಎರಡು ಕೆನ್ನೆ ಮಿಂಚಿದವು. ಮಿಕ್ಕ ಅತ್ತೆ ಕತ್ತಲಲ್ಲಿದ್ದರು.

ಮಗಳು ಟಾರ್ಚು ಇಳಿಸಲಿಲ್ಲ. "ಅಜ್ಜಿ, ಸೀಸೆಗೆ ಅರಿಸಿನ ಹಾಕಿದ್ಯಾ?"

"ಮಕದ್ ಮೇಲೆ ಬೆಳಕ್ ಬಿಡ್ಬೇಡ ಕಣೇ, ಪೊಲೀಸ್ನೋರಂಗೆ."

"ಹಾಕಿದ್ಯಾ ಇಲ್ವಾ?"

"ಆಕ್ದೆ. ಚಿಟ್ಕೆ ಅಷ್ಟೆ. ಮೈಲಿಗೆ ಕಳೀಲಿ ಅಂತ. ಕೈಗೆ ಕವರ್ ಕಟ್ಕೊಂಡು ಒಂದೊಂದ್ ಮುಚ್ಚಳಾನೂ ಬಿಚ್ಚಿ ಆಕಿದೀನಿ, ಸುಮ್ನೇನಾ? ಹೆಂಗೂ ಹಳದೀಗೇ ಇತ್ತು, ಯಾರಿಗ್ ಗೊತ್ತಾಯ್ತದೆ ಅಂದ್ಕೊಂಡೆ."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮಗಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಕೊನೆಗೆ ಅಲ್ಲೇ ಕೂತು ಎರಡನ್ನೂ ಮಾಡಿದಳು. ಅರಿಸಿನವೂ ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದಂತೆ. ಕೆಟ್ಟಿದ್ದು ಪೆಟ್ಟಿಗೆಯಲ್ಲ. ಅದು ಪಾಪ ಕಂಡದ್ದನ್ನು ಕಂಡಹಾಗೆ ಹೇಳಿತ್ತು.

ಮೇಡಂ ಇನ್ನೊಂದು ಭಾನುವಾರ ಕೊಟ್ಟರು. ಆದರೆ ಅದೇ ಜನರ ಬಳಿ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಅತ್ತೆ ಯಾರಿಗೂ ಹೇಳದೆ ಸೀರೆ ಬದಲಾಯಿಸಿ ಬಂದು, "ಹೊಸ ಸೀಸೆ ತತ್ತಾ" ಅಂದರು. ಮೊದಲು ತಮ್ಮದೇ ಒಂದು ಸೀಸೆ ತುಂಬಿಸಿಟ್ಟು, ಮಗನ ಹಿಂದೆ ಗಾಡಿ ಹತ್ತಿ, ಮನೆಮನೆಗೂ ತಾವೇ ಇಳಿದು ಕೇಳಿದರು. ವಿಷಯ ಅಷ್ಟು ಹೊತ್ತಿಗೆ ಲೈನಿಗೆಲ್ಲ ಹರಡಿತ್ತು.

"ಅರಿಸಿನ ಆಯ್ತಂತಲ್ಲಕ್ಕ," ಅಂದರಂತೆ ಗಣಿ ತಾತ, "ಒಗ್ಗರಣೆ ಯಾವಾಗ?"

"ನೀನು ಕೊಡಪ್ಪ ಮೊದ್ಲು. ಒಗ್ಗರಣೆ ನಿನ್ ಮನೇಲೇ ಆಕಿಸ್ಕೋ."

ಈ ಸಲ ಫ್ರಿಜ್ಜಿನ ಗೊಡವೆ ಬೇಡವೆಂದು ಬಂಗಾರಪೇಟೆಯ ಹೂವಿನ ಅಂಗಡಿಯಿಂದ ಥರ್ಮಾಕೋಲ್ ಪೆಟ್ಟಿಗೆ ತಂದು, ಐಸು ತುಂಬಿಸಿ, ಜಗುಲಿಯಲ್ಲಿ ಇಟ್ಟೆವು. ಅತ್ತೆ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಕೈ ಸುಮ್ಮನಿರಬೇಕಲ್ಲ. "ಹೊರಗಡೆ ಏನ್ ಬೇಕಾದ್ರೂ ಹಚ್ಕೋ ಅಜ್ಜಿ, ಮುಚ್ಚಳ ಮಾತ್ರ ಮುಟ್ಟಬೇಡ" ಎಂದು ಮಗಳು ಅಪ್ಪಣೆ ಕೊಟ್ಟಳು. ಕುಂಕುಮ ಇಟ್ಟರು, ಅಷ್ಟೆ. ಬೆಳಗಿನ ರೈಲಿನಲ್ಲಿ ಆ ಪೆಟ್ಟಿಗೆಗೆ ಪ್ರಸಾದವಿರಬಹುದೆಂದು ಯಾರೋ ಜಾಗ ಬಿಟ್ಟುಕೊಟ್ಟರಂತೆ. ಅದನ್ನೂ ದೇವರಿಗೆ ಒಪ್ಪಿಸಿದೆ.

ಮಗಳು ಮಧ್ಯಾಹ್ನವೇ ಫೋನು ಮಾಡಿದಳು. ಚೆನ್ನಾಗಿರುವವರ ಗೆರೆಗಳು ಕೆಳಗೆ, ಆಸ್ಪತ್ರೆಯಲ್ಲಿ ಆಗಲೇ ಕಾಯಿಲೆ ಗೊತ್ತಾಗಿರುವವರದು ಮೇಲೆ. ಮೇಡಂ ಎದ್ದು ಬಂದು ನೋಡಿ, "ಮುಂದುವರಿಸು" ಅಂದರಂತೆ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳು ದನಿ ತಗ್ಗಿಸಿ, ಚೆನ್ನಾಗಿರುವವರು ಅಂದುಕೊಂಡಿದ್ದವರಲ್ಲಿ ಒಬ್ಬರ ಗೆರೆ ಸ್ವಲ್ಪ ಮೇಲಿದೆ, ಅಜ್ಜಿದು ಅಂದಳು.

ಪಕ್ಕದಲ್ಲೇ ಫೋನಿಗೆ ಕಿವಿ ಕೊಟ್ಟಿದ್ದ ಅತ್ತೆ ಬೆಚ್ಚಿಬಿದ್ದರು. "ನಂದಾ? ಈ ಸತಿ ನಾನ್ ಏನೂ ಆಕಿಲ್ಲ ಕಣಮ್ಮ. ದೇವ್ರಾಣೆ."

ಡಾಕ್ಟರು ಆಸ್ಪತ್ರೆಯ ರೀತಿಯಲ್ಲೇ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಸಕ್ಕರೆ ಇತ್ತು, ನಮಗೆ ಗೊತ್ತಿರಲಿಲ್ಲ. ಸೋರುವಿಕೆ ಈಗಷ್ಟೇ ಶುರುವಾಗಿದೆ, ಬೇಗ ಬಂದಿರಿ, ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ, ಉಪ್ಪು ಕಮ್ಮಿ ಮಾಡಿ ಅಂದರು. ಆ ಸಂಜೆ ದೀಪದ ಮುಂದೆ ಕೂತೆ. ಒಂದರ ಮೇಲೊಂದು ಬತ್ತಿ ಹಾಕುತ್ತಾ ಹೋದೆ.

ಈಗ ಮೇಡಂ ಇನ್ನಷ್ಟು ಹಳ್ಳಿಗಳಿಂದ ಸೀಸೆ ತರಲು ಹೇಳಿದ್ದಾರೆ. ಹೋದ ತಿಂಗಳು ಕಾಮಸಮುದ್ರದ ಬಸ್ಸು ಹತ್ತಿದ್ದು ಮಗಳು, ನಾನು, ಮತ್ತು ಯಾರೂ ಕರೆಯದಿದ್ದರೂ ಮೊದಲೇ ಸೀಟು ಹಿಡಿದಿದ್ದ ಅತ್ತೆ. ಅಲ್ಲಿಯ ಹೆಂಗಸರಿಗೆ ಮಗಳು ಒಪ್ಪಿಗೆ ಪತ್ರ ಓದಿ ಮುಗಿಸುತ್ತಿದ್ದಂತೆ ಅತ್ತೆ ಗಂಟಲು ಸರಿಮಾಡಿಕೊಂಡರು.

"ನೋಡ್ರಮ್ಮ, ಇದ್ದಂಗೆ ಕೊಡ್ಬೇಕು. ಅದ್ರೊಳಕ್ಕೆ ಏನೂ ಆಕ್ಬಾರ್ದು."

ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. "ಅದ್ಕೆ ಯಾರಾನ ಏನಾನ ಆಕ್ತಾರಾ ಅಜ್ಜಿ?"

ಅತ್ತೆ ನಮ್ಮ ಕಡೆ ನೋಡಲೇ ಇಲ್ಲ.

"ಇರ್ತಾರಮ್ಮ ಅಂಥೋರೂ," ಅಂದರು.